ಒಂದೇ ಭಾನುವಾರ ಸಿಕ್ಕರೆ ರೇಗೆನ್ಸ್‌ಬುರ್ಗ್‌ನಲ್ಲಿ ಏನು ನೋಡಬೇಕು?

ಮ್ಯೂನಿಕ್‌ಗೆ ಕಚೇರಿ ಕೆಲಸಕ್ಕೆ ಬಂದಿದ್ದೀರಿ, ಬಿಡುವು ಭಾನುವಾರ ಮಾತ್ರ. ರೇಗೆನ್ಸ್‌ಬುರ್ಗ್ ಜೊತೆಗೆ ವಾಲ್‌ಹಲ್ಲಾ ಸ್ಮಾರಕವನ್ನೂ ಮುಗಿಸಬಹುದೇ, ಸಸ್ಯಾಹಾರಿಗೆ ಊಟ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಮುಗಿಸಬಹುದು, ಆದರೆ ನಾನಾದರೆ ವಾಲ್‌ಹಲ್ಲಾ ಕೈಬಿಡುತ್ತೇನೆ. ಒಂದನೇ ಲುಡ್ವಿಗ್ ದೊರೆ ಕಟ್ಟಿಸಿ 1842ರಲ್ಲಿ ತೆರೆದ ಆ ಗ್ರೀಕ್ ಮಾದರಿಯ ಕಟ್ಟಡ ಊರಾಚೆಯ ಗುಡ್ಡದ ಮೇಲಿದೆ. ಒಳಗೆ ಸಾಲು ಸಾಲಾಗಿ ಅಮೃತಶಿಲೆಯ ತಲೆಗಳು. ಅಷ್ಟಕ್ಕೆ ಅರ್ಧ ದಿನ ತೆರುವುದೇಕೆ?

ಬವೇರಿಯಾ ಟಿಕೆಟ್ ಕೊಳ್ಳಿ; ಆ ರಾಜ್ಯದ ಪ್ರಾದೇಶಿಕ ರೈಲುಗಳಲ್ಲಿ ಓಡಾಡಲು ಸಿಗುವ ಒಂದು ದಿನದ ಟಿಕೆಟ್ ಅದು. ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ನಿಲ್ದಾಣದಿಂದ ಹಳೆಯ ಊರಿಗೆ ನಡೆದೇ ಹೋಗಬಹುದು.

ಮೊದಲು ಡ್ಯಾನ್ಯೂಬ್ ನದಿಯ ಕಲ್ಲಿನ ಸೇತುವೆ. 1135ರಲ್ಲಿ ಕೆಲಸ ಶುರುವಾಗಿ ಹನ್ನೊಂದು ವರ್ಷಗಳಲ್ಲಿ ಮುಗಿಯಿತಂತೆ. ಆಚೆ ದಡದವರೆಗೂ ಹೋಗಿ ಹಿಂತಿರುಗಿ ನೋಡಿ. ಊರಿನ ದೊಡ್ಡ ಚರ್ಚಿನ ಜೋಡಿ ಗೋಪುರಗಳು ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ. ಸೇತುವೆ ಕಟ್ಟುವವನೂ ಚರ್ಚು ಕಟ್ಟುವವನೂ ಪಂದ್ಯ ಕಟ್ಟಿದರು, ಸೇತುವೆಯವನು ಗೆಲ್ಲಲು ಸೈತಾನನ ನೆರವು ಪಡೆದ ಎಂಬ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಿ ಖುಷಿಪಡಿ. ಈಗಿನ ಚರ್ಚಿನ ಕೆಲಸ ಶುರುವಾಗಿದ್ದು ಸೇತುವೆ ಮುಗಿದು ನೂರು ವರ್ಷ ಕಳೆದ ಮೇಲೆ!

ಚರ್ಚಿನ ಹಿಂದಿನ ಓಣಿಯಲ್ಲಿ ಪೋರ್ಟಾ ಪ್ರೆಟೋರಿಯಾ ಇದೆ. ಕ್ರಿ.ಶ. 179ರಲ್ಲಿ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕಾಲದ ರೋಮನ್ ಸೈನ್ಯ ಇಲ್ಲಿ ಕಟ್ಟಿದ ಕೋಟೆಯ ಉತ್ತರದ ಬಾಗಿಲು ಇದು. ಬಿಳಿ ಗಾರೆಯ ಗೋಡೆಯ ನಡುವಿನಿಂದ ಕಪ್ಪಿಟ್ಟ ದಪ್ಪ ಕಲ್ಲುಗಳ ಕಮಾನು ಇಣುಕುತ್ತದೆ. ಬೇಲಿಯಿಲ್ಲ, ಟಿಕೆಟ್ಟಿಲ್ಲ; ಅರ್ಧ ಜನ ಗಮನಿಸದೆ ದಾಟಿಹೋಗುತ್ತಾರೆ. ನನ್ನ ಮಟ್ಟಿಗೆ ಊರಿನಲ್ಲಿ ನೋಡಲೇಬೇಕಾದದ್ದು ಇದೇ.

ವಿಜ್ಞಾನದಲ್ಲಿ ಆಸಕ್ತಿಯಿದ್ದರೆ ಕೆಪ್ಲರ್ ಬೀದಿಗೂ ಹೋಗಿ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಆತ ತನಗೆ ಬರಬೇಕಿದ್ದ ಬಾಕಿ ಹಣ ಕೇಳಲು ಬಂದು, ಜ್ವರ ಹಿಡಿದು, 1630ರ ನವೆಂಬರ್‌ನಲ್ಲಿ ಇಲ್ಲಿಯೇ ತೀರಿಕೊಂಡ. ಆಗ ನಡೆಯುತ್ತಿದ್ದ ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ಮಶಾನವೇ ನಾಶವಾಗಿ ಸಮಾಧಿಯೂ ಉಳಿಯಲಿಲ್ಲ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹೋಟೆಲುಗಳು ತೆರೆದಿರುತ್ತವೆ. ಸೇತುವೆಯ ಪಕ್ಕದ ಹೊಗೆಯಾಡುವ ಪುಟ್ಟ ಹೋಟೆಲಿನ ಮುಂದೆ ಎಲ್ಲರೂ ಸಾಲುಗಟ್ಟುತ್ತಾರೆ. ಅಲ್ಲಿ ಹೆಸರಾದದ್ದು ಹಂದಿಮಾಂಸದ ಸಾಸೇಜ್. ನೀವು ಬೇರೆಡೆ ಕೇಜೆಷ್ಪೆಟ್ಸ್‌ಲೆ ಕೇಳಿ: ಚೀಸ್ ಬೆರೆಸಿ, ಹುರಿದ ಈರುಳ್ಳಿ ಉದುರಿಸಿದ ಬಿಸಿ ನೂಡಲ್ಸ್. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಅದೂ ಬೇಡವಾದರೆ ಪಿಜ್ಜಾ ಇದ್ದೇ ಇದೆ. ಕೆಲವು ಕಡೆ ಷ್ಪೆಟ್ಸ್‌ಲೆಗೆ ಹಂದಿಮಾಂಸದ ಚೂರುಗಳನ್ನೂ ಹಾಕುತ್ತಾರೆ. ಆರ್ಡರ್ ಕೊಡುವಾಗಲೇ 'ಓನೆ ಷ್ಪೆಕ್' (ಹಂದಿಮಾಂಸ ಬೇಡ) ಎಂದುಬಿಡಿ.