ಪ್ರಶ್ನೋತ್ತರ: ಆನ್‌ಲೈನ್ ಮಾದಕವಸ್ತುಗಳ ರಾಸಾಯನಿಕ ಪರೀಕ್ಷೆ

ಪ್ರಶ್ನೆ: ಮಾನ್ಯರೇ, ನನ್ನ ಮಗ ಶಿವಮೊಗ್ಗದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದಾನೆ. ಆನ್‌ಲೈನ್‌ನಲ್ಲಿ ಮಾರುವ ಎಂಡಿಎಂಎ ಎಂಬ ಮಾದಕ ಮಾತ್ರೆಗಳಲ್ಲಿ ಬೇರೇನೋ ಸೇರಿರುತ್ತದೆಂದೂ, ಒಂದು ಹನಿ ದ್ರಾವಣ ಹಾಕಿ ಬಣ್ಣ ನೋಡಿದರೆ ಅಸಲಿ ಯಾವುದೆಂದು ತಿಳಿಯುತ್ತದೆಂದೂ ಅವನ ಸಹಪಾಠಿಗಳು ಮಾತನಾಡಿಕೊಳ್ಳುತ್ತಾರಂತೆ. ಇದು ನಿಜವೇ? ಕಾಲೇಜಿನ ಲ್ಯಾಬಿನಲ್ಲಿ ಇಂಥದ್ದನ್ನು ಪತ್ತೆ ಮಾಡಲು ಸಾಧ್ಯವೇ?
— ಓದುಗರೊಬ್ಬರು, ಸಾಗರ

ಉತ್ತರ: ಮೊದಲನೆಯ ಮಾತು ನಿಜ, ಎರಡನೆಯದು ಅರ್ಧ ನಿಜ. ಅವರು ಹೇಳುತ್ತಿರುವುದು ಬಹುಶಃ ಸಾರ ಸಲ್ಫ್ಯೂರಿಕ್ ಆಮ್ಲದಲ್ಲಿ ಫಾರ್ಮಾಲ್ಡಿಹೈಡ್ ಬೆರೆಸಿದ ಮಾರ್ಕ್ವಿಸ್ ದ್ರಾವಣದ ವಿಷಯವನ್ನು. ಅದು ಎಂಡಿಎಂಎ ಸೋಕಿದರೆ ನೇರಳೆಗಪ್ಪಿಗೂ ಆಂಫೆಟಮಿನ್ ಸೋಕಿದರೆ ಕಿತ್ತಳೆ-ಕಂದಿಗೂ ತಿರುಗುತ್ತದೆ. ಆದರೆ ಎಂಡಿಎಂಎಯ ಹತ್ತಿರದ ಸಂಬಂಧಿಯಾದ ಎಂಡಿಎ ಕೂಡ ಅದೇ ನೇರಳೆಗಪ್ಪನ್ನು ಕೊಡುತ್ತದೆ. ಮಾತ್ರೆಯಲ್ಲಿ ಎಂಡಿಎಂಎ ಜೊತೆಗೆ ಮೆಫೆಡ್ರೋನ್ ಎಂಬ ಇನ್ನೊಂದು ಮಾದಕವಸ್ತು ಬೆರೆತಿದ್ದರೆ, ಆ ಕಪ್ಪಿನ ಅಡಿಯಲ್ಲಿ ಮೆಫೆಡ್ರೋನಿನ ಮಸುಕು ಹಳದಿ ಕಾಣುವುದೇ ಇಲ್ಲ. ಎಷ್ಟು ಮಿಲಿಗ್ರಾಂ ಇದೆಯೆಂಬುದನ್ನಂತೂ ಬಣ್ಣ ಹೇಳಲಾರದು. ಆದ್ದರಿಂದಲೇ ತನಿಖಾಧಿಕಾರಿಗಳೂ ಬಣ್ಣ ಪರೀಕ್ಷೆಯನ್ನು ಪ್ರಾಥಮಿಕ ಸೂಚನೆಯೆಂದಷ್ಟೇ ಪರಿಗಣಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ.

ಅಲ್ಲಿ ಹೆಚ್ಚಾಗಿ ಬಳಕೆಯಾಗುವುದು ಗ್ಯಾಸ್ ಕ್ರೊಮ್ಯಾಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಜೋಡಿಸಿದ ಯಂತ್ರ. ದ್ರಾವಕದಲ್ಲಿ ಕರಗಿಸಿದ ಮಾದರಿಯನ್ನು ಆವಿಯಾಗಿಸಿ, ಸಾಮಾನ್ಯವಾಗಿ 30 ಮೀಟರ್ ಉದ್ದದ ಕೂದಲೆಳೆಯಂಥ ಕೊಳವೆಯ ಮೂಲಕ ಹಾಯಿಸಿದಾಗ, ಅದರಲ್ಲಿರುವ ಒಂದೊಂದು ರಾಸಾಯನಿಕವೂ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಹಾಗೆ ಬಂದ ಅಣುಗಳನ್ನು ಎಲೆಕ್ಟ್ರಾನುಗಳಿಂದ ಹೊಡೆದು ಒಡೆದು, ಚೂರುಗಳ ತೂಕವನ್ನು ಗೆರೆಗಳಾಗಿ ದಾಖಲಿಸಿ, ಆ ದಾಖಲೆಯನ್ನು ಗೊತ್ತಿರುವ ವಸ್ತುಗಳ ದಾಖಲೆಗಳೊಂದಿಗೆ ಹೋಲಿಸುತ್ತಾರೆ. ತೊಡಕು ಇರುವುದು ಈ ಹೋಲಿಕೆಯಲ್ಲಿಯೇ. ಎಂಡಿಎಂಎ (ಅಣುತೂಕ 193), ಮೆಫೆಡ್ರೋನ್ (177), ಮೆಥಾಂಫೆಟಮಿನ್ (149) ಮೂರೂ ಒಡೆದಾಗ ಅತಿ ಎತ್ತರದ ಗೆರೆ ಮೂಡುವುದು ಒಂದೇ ಜಾಗದಲ್ಲಿ, 58 ತೂಕದ ಚೂರಿನಲ್ಲಿ. ಹಾಗಾಗಿ ವಿಶ್ಲೇಷಕರು ಸಣ್ಣ ಗೆರೆಗಳನ್ನೂ ಹೊರಬಂದ ಸಮಯವನ್ನೂ ಶುದ್ಧ ಪ್ರಮಾಣವಸ್ತುವಿನೊಂದಿಗೆ ತಾಳೆ ನೋಡಲೇಬೇಕು. ಮೆಫೆಡ್ರೋನಿನ ಉಂಗುರದಲ್ಲಿರುವ ಒಂದು ಮೀಥೈಲ್ ಗುಂಪನ್ನು ಪಕ್ಕದ ಸ್ಥಾನಕ್ಕೆ ಸರಿಸಿದರಂತೂ ಚೂರುಗಳ ತೂಕವೆಲ್ಲ ಬಹುತೇಕ ಒಂದೇ ಆಗುವುದರಿಂದ, ಅವೆರಡನ್ನು ಬೇರ್ಪಡಿಸಿ ಹೇಳಲು ಅತಿಗೆಂಪು ವಿಶ್ಲೇಷಣೆ ಅಥವಾ ಎನ್‌ಎಂಆರ್ ನೆರವು ಬೇಕಾಗುತ್ತದೆ.

ಡಿಸೈನರ್ ಡ್ರಗ್ ತಯಾರಕರ ಕಸುಬೂ ಇದೇ: ಅಣುವಿನ ಒಂದು ತುದಿಯನ್ನು ಬದಲಿಸಿ, ಕಾನೂನಿನ ಪಟ್ಟಿಯಿಂದಲೂ ಯಂತ್ರದ ಪಟ್ಟಿಯಿಂದಲೂ ನುಣುಚಿಕೊಳ್ಳುವುದು. ಯುರೋಪಿನಲ್ಲಿ ಧೂಪದ ಸೊಪ್ಪೆಂದು ‘ಸ್ಪೈಸ್’ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪೊಟ್ಟಣಗಳಲ್ಲಿ ನಿಜವಾಗಿ ಇದ್ದದ್ದು ಗಾಂಜಾದಂತೆ ಅಮಲೇರಿಸುವ ಕೃತಕ ರಾಸಾಯನಿಕ ಜೆಡಬ್ಲ್ಯೂಎಚ್-018 ಎಂದು ಜರ್ಮನಿಯಲ್ಲಿ ಗೊತ್ತಾದದ್ದು 2008ರ ಡಿಸೆಂಬರಿನಲ್ಲಿ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಜಾನ್ ಹಫ್‌ಮನ್ ಸಂಶೋಧನೆಗಾಗಿ ರೂಪಿಸಿದ್ದ ಅಣು ಅದು. ಇಂಥ ಸೊಪ್ಪಿನ ಮೇಲೆ ರಾಸಾಯನಿಕವನ್ನು ಸಿಂಪಡಿಸುವುದರಿಂದ ಒಂದು ಚಿಟಿಕೆಯಲ್ಲಿ ಏನೂ ಇಲ್ಲದೆ ಮತ್ತೊಂದರಲ್ಲಿ ವಿಪರೀತ ಇರಬಹುದು. ಚೀಲದ ಬಾಯಿಯಲ್ಲಿರುವ ಅಡಿಕೆಯನ್ನಷ್ಟೇ ನೋಡಿ ನಮ್ಮ ಮಂಡಿಯಲ್ಲಿ ಯಾರೂ ದರ ಕಟ್ಟುವುದಿಲ್ಲ. ಒಂದು ಮಾತ್ರೆಯ ವರದಿಯಿಂದ ಅದೇ ಪೊಟ್ಟಣದ ಇನ್ನೊಂದು ಮಾತ್ರೆಯನ್ನು ನಂಬುವುದೂ ಸಲ್ಲದು. ಎಲ್‌ಎಸ್‌ಡಿ ಎಂದು ಮಾರುವ ಕಾಗದದ ತುಣುಕುಗಳಲ್ಲಿ ಅದರ ಬದಲು ಬೇರೆಯೇ ಮಾದಕವಸ್ತುವಾದ 25ಐ-ಎನ್‌ಬಿಒಎಂಇ ಸಿಕ್ಕಿರುವುದುಂಟು. ಅದರಿಂದ ಹಲವು ದೇಶಗಳಲ್ಲಿ ಸಾವುಗಳಾಗಿವೆ.

ಕಾಲೇಜಿನ ಲ್ಯಾಬಿನ ವಿಷಯ: ದಯವಿಟ್ಟು ಅದರ ಯೋಚನೆಯೂ ಬೇಡ. ನೆದರ್‌ಲ್ಯಾಂಡ್ಸ್‌ನಲ್ಲಿ 1992ರಿಂದ, ವೇಲ್ಸ್‌ನಲ್ಲಿ 2013ರಿಂದ, ಸಾರ್ವಜನಿಕರು ತಂದುಕೊಟ್ಟ ಮಾದರಿಯನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಂತೆ ಇಂಥ ವಸ್ತುವನ್ನು ಇಟ್ಟುಕೊಳ್ಳುವುದೇ ಅಪರಾಧ. ಕುತೂಹಲಕ್ಕೆಂದು ತಂದೆ ಎಂಬ ಸಮಜಾಯಿಷಿ ವಿದ್ಯಾರ್ಥಿಯನ್ನು ಕಾಪಾಡೀತೆಂದು ನಂಬಬಾರದು. ವಶಪಡಿಸಿಕೊಂಡ ವಸ್ತುವಿನ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆದು, ಬೆಂಗಳೂರಿನ ಮಡಿವಾಳದಲ್ಲಿರುವಂಥ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುವುದು ಕ್ರಮ. ರಸಾಯನಶಾಸ್ತ್ರ ಬಲ್ಲವರಿಗೆ ಅಚ್ಚರಿಯೆನಿಸುವ ಒಂದು ಅಂಶವೂ ಇಲ್ಲಿದೆ: ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ನೀಡಿದ ತೀರ್ಪಿನಂತೆ, ಪ್ರಮಾಣ ನಿರ್ಧರಿಸುವಾಗ ಬೆರಕೆ ಪುಡಿಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಎಂಡಿಎಂಎಗೆ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಕನಿಷ್ಠ ಶಿಕ್ಷೆ 10 ವರ್ಷ.

ಪ್ರಶ್ನೆ: ಔಷಧಿ ಅಂಗಡಿಯಿಂದ ತಂದ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ತಮ್ಮನ ಫಲಿತಾಂಶ ನೆಗೆಟಿವ್ ಬಂದಿದೆ. ನಿಶ್ಚಿಂತೆಯಿಂದ ಇರಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಷ್ಟರಿಂದಲೇ ನಿಶ್ಚಿಂತರಾಗಲಾಗದು. ಗಾಂಜಾ ಗುರುತಿಸುವ ಪಟ್ಟಿಗೆ ಜೆಡಬ್ಲ್ಯೂಎಚ್-018ರಂಥ ಕೃತಕ ಕ್ಯಾನಬಿನಾಯ್ಡ್‌ಗಳು ಕಾಣುವುದಿಲ್ಲ. ಮಾರ್ಫಿನ್ ಗುರುತಿಸುವ ಪಟ್ಟಿಗೆ ಅದರಂತೆಯೇ ಕೆಲಸ ಮಾಡುವ ಕೃತಕ ವಸ್ತುವಾದ ಫೆಂಟನಿಲ್ ಕಾಣುವುದಿಲ್ಲ. ಅನುಮಾನ ಬಲವಾಗಿದ್ದರೆ ತಮ್ಮನೊಂದಿಗೆ ಮುಕ್ತವಾಗಿ ಮಾತನಾಡಿ, ಮನೋವೈದ್ಯರನ್ನು ಕಾಣಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೂ ಕರೆ ಮಾಡಬಹುದು. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ, ಸಣ್ಣ ಪ್ರಮಾಣದ ಅಪರಾಧಗಳಲ್ಲಿ, ಕಾಯ್ದೆಯ 64ಎ ಕಲಮು ರಕ್ಷಣೆಯನ್ನೂ ಕೊಟ್ಟಿದೆ. ಮೈ ಸುಡುವುದು, ಉಸಿರು ನಿಧಾನವಾಗುವುದು, ಸೆಳೆತ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ಏನನ್ನು ಎಷ್ಟು ಹೊತ್ತಿಗೆ ಸೇವಿಸಿದನೆಂಬುದನ್ನು ಮುಚ್ಚಿಡದೆ ಹೇಳಿರಿ. ವೈದ್ಯರು ಪ್ರಯೋಗಾಲಯದ ವರದಿಗಾಗಿ ಕಾಯದೆ ಲಕ್ಷಣಗಳನ್ನು ನೋಡಿಯೇ ಚಿಕಿತ್ಸೆ ಆರಂಭಿಸುತ್ತಾರೆ.