ಕರ್ನಲ್ ಸೋರ್ಸ್ ಅಪ್‌ಡೇಟ್ ಮಾಡುವಾಗ ‘ಕನೆಕ್ಷನ್ ಟೈಮ್ಡ್ ಔಟ್’ ಯಾಕೆ ಬರುತ್ತದೆ?

ಬ್ರೌಸರ್‌ನಲ್ಲಿ ಎಲ್ಲ ತೆರೆಯುತ್ತದೆ, ಲಿನಕ್ಸ್ ಕರ್ನಲ್ ಸೋರ್ಸ್‌ಗೆ (ಮೂಲ ಕೋಡ್‌ಗೆ) ಗಿಟ್ ಪುಲ್, ಅಂದರೆ ಹೊಸ ಬದಲಾವಣೆ ಇಳಿಸಿಕೊಳ್ಳುವ ಕಮಾಂಡ್, ಕೊಟ್ಟರೆ ಮಾತ್ರ ಟೈಮ್‌ಔಟ್ ಅಂತೀರಿ, ಅಲ್ವಾ? ಹಾಗಾದರೆ ನೆಟ್ ಸರಿಯಿದೆ, ಪೋರ್ಟ್ (ನೆಟ್ ಸಂಪರ್ಕ ಹೋಗುವ ನಂಬರಿನ ಬಾಗಿಲು) ಬ್ಲಾಕ್ ಆಗಿರುವ ಸಾಧ್ಯತೆಯೇ ಜಾಸ್ತಿ. ಮೊದಲು ರಿಮೋಟ್ ವಿಳಾಸ, ಅಂದರೆ ಗಿಟ್ ಕೋಡ್ ತರುವ ಸರ್ವರ್‌ನ ವಿಳಾಸ, ನೋಡಿ. ಅದು ‘git://’ ಅಂತ ಶುರುವಾದರೆ ಹೋಗುವುದು 9418ನೇ ಪೋರ್ಟ್‌ನಲ್ಲಿ, ಅದನ್ನು ಆಫೀಸು, ಕಾಲೇಜುಗಳ ಫೈರ್‌ವಾಲ್ ಎಷ್ಟೋ ಸಲ ಮುಚ್ಚಿಟ್ಟಿರುತ್ತದೆ. ‘ಗಿಟ್ ರಿಮೋಟ್ ಸೆಟ್-ಯುಆರ್‌ಎಲ್’ ಕೊಟ್ಟು ಎಚ್‌ಟಿಟಿಪಿಎಸ್ ವಿಳಾಸ ಹಾಕಿ, ಅದು ಬಳಸುವ 443ನೇ ಪೋರ್ಟ್ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಆಗಲೂ ನಿಂತರೆ ಬ್ರೌಸರ್‌ಗೆ ಇರುವ ಪ್ರಾಕ್ಸಿಯನ್ನು (ನೆಟ್‌ಗೆ ಹೋಗುವ ಮಧ್ಯವರ್ತಿ ಸರ್ವರ್) ಗಿಟ್‌ಗೂ ಹೇಳಿಕೊಡಬೇಕು.

‘ಕುಡ್ ನಾಟ್ ರಿಸಾಲ್ವ್ ಹೋಸ್ಟ್’ ಬಂದರೆ ಅದು ಡಿಎನ್‌ಎಸ್ (ಸೈಟ್ ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಕಾಟ. ಸರ್ಟಿಫಿಕೇಟ್ (ಸರ್ವರ್ ಅಸಲಿ ಅನ್ನುವ ಗುರುತುಪತ್ರ) ತಕರಾರಾದರೆ ಮೆಷಿನ್‌ನ ತಾರೀಖು, ಟೈಮ್ ಸರಿ ಇದೆಯಾ ನೋಡಿ, ದಯವಿಟ್ಟು ವೆರಿಫಿಕೇಶನ್ ಆಫ್ ಮಾಡಬೇಡಿ. ಸುಮ್ನೆ ಎಲ್ಲ ಅಳಿಸಿ ಮತ್ತೆ ಕ್ಲೋನ್ ಮಾಡಲೂ (ಮೊದಲಿನಿಂದ ಪೂರ್ತಿ ಇಳಿಸಿಕೊಳ್ಳಲೂ) ಹೋಗಬೇಡಿ, ಗಿಗಾಬೈಟ್‌ಗಟ್ಟಲೆ ಡೇಟಾ ದಂಡ.