ಮತ್ತೆ ನೋಡಿ, ಕೈಯಲ್ಲಿ ಪೆನ್ಸಿಲ್ ಹಿಡಿದು

ಪ್ರಶ್ನೆ: ನನಗೆ ಮೂವತ್ತೆಂಟು ವರ್ಷ. ಕಚೇರಿಯಲ್ಲಿ ಏಳು ಜನರ ತಂಡವನ್ನು ನೋಡಿಕೊಳ್ಳುತ್ತೇನೆ. ಐದು ತಿಂಗಳ ಹಿಂದೆ ಒಬ್ಬ ಹುಡುಗಿ ತಂಡಕ್ಕೆ ಸೇರಿದಳು. ಮೊದಲ ದಿನದ ಮೀಟಿಂಗ್‌ನಲ್ಲಿ ನಾನು ಯೋಜನೆಯ ಲೆಕ್ಕ ವಿವರಿಸುತ್ತಿದ್ದಾಗ ನಡುವೆಯೇ ಕೈಯೆತ್ತಿ, ‘ಮೂರನೆಯ ಸಾಲಿನ ಮೊತ್ತ ತಾಳೆಯಾಗುತ್ತಿಲ್ಲ’ ಎಂದಳು. ಮುಖದಲ್ಲಿ ನಗುವಿರಲಿಲ್ಲ, ಸಂಕೋಚವೂ ಇರಲಿಲ್ಲ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಬಂದ ದಿನವೇ ಎಲ್ಲರೆದುರು ಹೇಳುವುದೇ? ಜಂಭದವಳು ಎಂದು ಅಂದೇ ತೀರ್ಮಾನಿಸಿದೆ. ಇಬ್ಬರು ಸಹೋದ್ಯೋಗಿಗಳ ಬಳಿ ಹೇಳಿಯೂಬಿಟ್ಟೆ. ಈಗ ಇಡೀ ತಂಡದ ಅಭಿಪ್ರಾಯವೂ ಅದೇ. ಕಳೆದ ತಿಂಗಳು ಮೇಲಧಿಕಾರಿಗೆ ಹೋಗಬೇಕಿದ್ದ ನನ್ನ ವರದಿಯಲ್ಲಿ ದೊಡ್ಡ ತಪ್ಪೊಂದು ಉಳಿದಿತ್ತು. ರಾತ್ರಿ ಹತ್ತರ ಹೊತ್ತಿಗೆ ಅವಳಿಂದ ನನಗೊಬ್ಬಳಿಗೇ ಸಂದೇಶ ಬಂತು: ಯಾವ ಪುಟ, ಯಾವ ಅಂಕಿ, ಸರಿಯಾದದ್ದು ಯಾವುದು. ಅಷ್ಟೇ. ನನ್ನ ಮಾನ ಉಳಿಯಿತು. ಇನ್ನು ಮೂರು ವಾರದಲ್ಲಿ ಅವಳ ಕೆಲಸ ಕಾಯಂ ಮಾಡುವ ಬಗ್ಗೆ ನಾನು ಅಭಿಪ್ರಾಯ ಬರೆಯಬೇಕು. ಮೊದಲು ಕಂಡದ್ದು ನಿಜವೇ, ಈಗ ಕಾಣುತ್ತಿರುವುದು ನಿಜವೇ? ಅಥವಾ ಉಪಕಾರದ ಋಣಕ್ಕೆ ಮನಸ್ಸು ಮೆತ್ತಗಾಗಿದೆಯೇ? ಕ್ಷಮೆ ಕೇಳಬೇಕೇ? ಅವಳಿಗೆ ಇನ್ನೂ ಧನ್ಯವಾದವನ್ನೂ ಹೇಳಿಲ್ಲ.
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ತಪ್ಪು ತೋರಿಸಿದವರನ್ನು ಸಹಿಸದ ಇನ್ನೊಬ್ಬ ಅಧಿಕಾರಿ ಎಂದುಕೊಂಡು ಪತ್ರವನ್ನು ಪಕ್ಕಕ್ಕಿಟ್ಟೆ. ಸಂಜೆ ಮತ್ತೆ ತೆಗೆದು ಓದಿದಾಗ ಕೊನೆಯ ಸಾಲಿನಲ್ಲಿ ನಿಂತೆ. ಧನ್ಯವಾದ ಹೇಳಿಲ್ಲ ಎಂಬುದನ್ನು ನೀವು ನನಗೆ ತಿಳಿಸಬೇಕಾಗಿರಲೇ ಇಲ್ಲ; ಅದನ್ನು ಬಿಟ್ಟಿದ್ದರೆ ನೀವು ಇನ್ನೂ ಚೆನ್ನಾಗಿ ಕಾಣುತ್ತಿದ್ದಿರಿ. ಆದರೂ ಬರೆದಿರಿ. ಅಲ್ಲಿಗೆ ನನ್ನ ಬೆಳಗಿನ ತೀರ್ಪು ಸಡಿಲವಾಯಿತು. ನೀವು ಕೇಳುತ್ತಿರುವ ಕಾಯಿಲೆ ನನಗೂ ಇದೆ ಎಂದು ತಿಳಿದುಕೊಂಡೇ ಮುಂದಿನದನ್ನು ಓದಿ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಪ್ರಮಾಣಿಸುವುದು ಹೇಗೆ ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಸುಮ್ಮನೆ ಇನ್ನಷ್ಟು ಹೊತ್ತು ನೋಡಿದರೆ ಸಾಲದು. 2006ರಲ್ಲಿ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಎಂಬ ಮನಃಶಾಸ್ತ್ರಜ್ಞರು ಅಪರಿಚಿತರ ಮುಖಗಳನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿ, ಈತ ನಂಬಿಗಸ್ತನೇ, ಸಮರ್ಥನೇ ಎಂದೆಲ್ಲ ಕೇಳಿದರು. ಜನ ಉತ್ತರಿಸಿದರು. ಹೆಚ್ಚು ಹೊತ್ತು ನೋಡಲು ಬಿಟ್ಟಾಗಲೂ ಬಹುಪಾಲು ತೀರ್ಪು ಬದಲಾಗಲಿಲ್ಲ. ತಾವು ಹೇಳಿದ್ದೇ ಸರಿ ಎಂಬ ವಿಶ್ವಾಸ ಮಾತ್ರ ಬೆಳೆಯಿತು. ನೀವು ಆಕೆಯನ್ನು ಐದು ತಿಂಗಳಿನಿಂದ ನೋಡುತ್ತಿದ್ದೀರಿ ಎಂದುಕೊಂಡಿದ್ದೀರಿ. ಮೊದಲ ದಿನ ಕಂಡದ್ದಕ್ಕೇ ಐದು ತಿಂಗಳಿನಿಂದ ಮೊಹರು ಒತ್ತುತ್ತಿದ್ದಿರಬಹುದು.

ಹೇಗೆ ನೋಡಬೇಕು ಎಂಬುದಕ್ಕೆ ಒಂದು ಮೀನಿನ ಕಥೆ ಇದೆ. 19ನೇ ಶತಮಾನದ ಮಧ್ಯದಲ್ಲಿ ಹಾರ್ವರ್ಡ್‌ನಲ್ಲಿ ಲೂಯಿ ಅಗಾಸಿ ಎಂಬ ಪ್ರಾಣಿಶಾಸ್ತ್ರಜ್ಞರಿದ್ದರು. ಸ್ಯಾಮ್ಯುಯೆಲ್ ಸ್ಕಡರ್ ಎಂಬ ಹೊಸ ವಿದ್ಯಾರ್ಥಿಯ ಮುಂದೆ ಅವರು ಆಲ್ಕೋಹಾಲಿನಲ್ಲಿಟ್ಟ ಮೀನೊಂದನ್ನು ಇರಿಸಿ, ನೋಡುತ್ತಿರು ಎಂದು ಹೇಳಿ ಹೊರಟುಹೋದರು. ಹತ್ತು ನಿಮಿಷದಲ್ಲಿ ಸ್ಕಡರ್‌ಗೆ ನೋಡುವುದೆಲ್ಲ ಮುಗಿದಿತ್ತು. ಗುರು ಬರಲಿಲ್ಲ. ಗಂಟೆಗಳು ಉರುಳಿದವು. ಭೂತಗನ್ನಡಿ ಬಳಸುವಂತಿರಲಿಲ್ಲ. ಬೇಸತ್ತ ಹುಡುಗ ಮೀನಿನ ಬಾಯಿಗೆ ಬೆರಳು ಹಾಕಿ ಹಲ್ಲಿನ ಮೊನೆ ಮುಟ್ಟಿ ನೋಡಿದ, ಹುರುಪೆಗಳನ್ನು ಎಣಿಸಿದ, ಕೊನೆಗೆ ಏನೂ ತೋಚದೆ ಮೀನಿನ ಚಿತ್ರ ಬಿಡಿಸತೊಡಗಿದ. ಬಿಡಿಸುತ್ತಾ ಹೋದಂತೆ, ಅಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದವು ಒಂದೊಂದಾಗಿ ಕಂಡವು. ಪೆನ್ಸಿಲ್ ಕೂಡ ಒಳ್ಳೆಯ ಕಣ್ಣೇ ಎಂದು ಗುರು ಮೆಚ್ಚಿದರು. ಆದರೂ, ಮೀನಿನಷ್ಟೇ ನಿಚ್ಚಳವಾಗಿ ಎದುರಿಗಿರುವ ಒಂದು ಮುಖ್ಯ ಸಂಗತಿ ನಿನಗೆ ಕಂಡೇ ಇಲ್ಲ ಎಂದು ಮತ್ತೆ ಕೂರಿಸಿದರು. ಅದು ಹೊಳೆದದ್ದು ಮರುದಿನ: ಮೀನಿನ ಎರಡೂ ಪಕ್ಕಗಳು ಒಂದಕ್ಕೊಂದು ಸರಿಜೋಡಿ. ಆ ಒಂದೇ ಮೀನಿನ ಮುಂದೆ ಆತ ಮೂರು ದಿನ ಕಳೆದ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಮಗೆ ಬೇಕಾದದ್ದು ಅದರ ಮುಂದಿನ ಭಾಗ. ಇದೇ ಅಗಾಸಿ 1846ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಬಂದಾಗ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಕಪ್ಪು ಜನರನ್ನು ಹತ್ತಿರದಿಂದ ಕಂಡರು. ಮನಸ್ಸಿನಲ್ಲಿ ಹುಟ್ಟಿದ ಅಸಹ್ಯವನ್ನು ತಾಯಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಮನುಷ್ಯ ಜನಾಂಗಗಳು ಬೇರೆಬೇರೆಯಾಗಿಯೇ ಸೃಷ್ಟಿಯಾದವು ಎಂಬ ವಾದಕ್ಕೆ ಮುಂದೆ ತಮ್ಮ ವಿದ್ವತ್ತಿನ ತೂಕವನ್ನೆಲ್ಲ ಕೊಟ್ಟರು. ಒಂದು ಮೀನಿಗೆ ಮೂರು ದಿನ ಬೇಕೆಂದು ಶಿಷ್ಯನಿಗೆ ಕಲಿಸಿದವರು, ಮನುಷ್ಯರ ವಿಷಯದಲ್ಲಿ ಮೊದಲ ನೋಟಕ್ಕೆ ಕಾರಣಗಳನ್ನು ಹೊಂದಿಸುತ್ತಾ ಹೋದರು. ನಾವು ಜಾಣರು, ನಮ್ಮ ಕಣ್ಣು ಮೋಸ ಹೋಗುವುದಿಲ್ಲ ಎನ್ನುವವರಿಗೆಲ್ಲ ನಾನು ಈ ಉತ್ತರಾರ್ಧವನ್ನೇ ಹೇಳುತ್ತೇನೆ. ಮೀನಿನ ಮುಂದೆ ನಮ್ಮ ಮಾನಕ್ಕೆ ಧಕ್ಕೆಯಿಲ್ಲ, ತಪ್ಪಾಗಿ ನೋಡಿದೆ ಎಂದು ಒಪ್ಪಿಕೊಳ್ಳುವುದು ಸಲೀಸು. ಮನುಷ್ಯರ ಮುಂದೆ ಹಾಗಲ್ಲ.

ಇನ್ನು ನಿಮ್ಮ ಪತ್ರಕ್ಕೆ ಬರೋಣ. (ನೀವು ‘ಅವಳು’ ಎಂದಿದ್ದೀರಿ, ನಾನು ‘ಆಕೆ’ ಎನ್ನುತ್ತೇನೆ, ಅಡ್ಡಿಯಿಲ್ಲ ತಾನೆ?) ಜಂಭ ಎಂಬುದನ್ನು ನೀವು ಕಣ್ಣಿನಿಂದ ಕಂಡಿಲ್ಲ. ಕಂಡದ್ದು ಇಷ್ಟು: ಎತ್ತಿದ ಕೈ, ನಗುವಿಲ್ಲದ ಮುಖ, ಸರಿಯಾದ ಒಂದು ವಾಕ್ಯ. ಉಳಿದದ್ದು ನಿಮ್ಮ ಕೆನ್ನೆಗೆ ಏರಿದ ಬಿಸಿ. ರಾತ್ರಿ ಹತ್ತರ ಸಂದೇಶದಲ್ಲಿ ಏನಿತ್ತು? ಪುಟ, ಅಂಕಿ, ತಿದ್ದುಪಡಿ. ಅಲ್ಲಿಯೂ ನಗುವಿಲ್ಲ, ಸಂಕೋಚವಿಲ್ಲ, ಸಿಹಿಮಾತಿಲ್ಲ. ಎರಡು ಸಲವೂ ಆಕೆ ಮಾಡಿದ್ದು ಒಂದೇ ಕೆಲಸ. ತಾಳೆಯಾಗದ ಲೆಕ್ಕ ಕಂಡಿತು, ಹೇಳಿದಳು. ನಾಲ್ಕು ಜನರೆದುರು ಹೇಳಿದಾಗ ಅದು ಜಂಭವಾಯಿತು, ನಿಮಗೊಬ್ಬರಿಗೇ ಹೇಳಿದಾಗ ಉಪಕಾರವಾಯಿತು. ಯಾವ ನೋಟ ನಿಜ ಎಂದು ಕೇಳುತ್ತೀರಿ. ನಿಮ್ಮ ಎರಡು ನೋಟಗಳೂ ಅಳೆದದ್ದು ನಿಮ್ಮ ಮಾನಕ್ಕೆ ಏನಾಯಿತು ಎಂಬುದನ್ನು. ಆಕೆಯನ್ನು ಇನ್ನೂ ಯಾರೂ ಅಳೆದಿಲ್ಲ. ಹಾಗಾಗಿ ನಿಮ್ಮ ಸಂಶಯ ಸರಿಯಾಗಿದೆ. ಒಂದು ಸಂದೇಶದಿಂದ ಆಕೆಯನ್ನು ದೇವತೆ ಮಾಡಿದರೆ, ಅದೂ ಇನ್ನೊಂದು ಮೊದಲ ನೋಟವಷ್ಟೇ.

ಆದ್ದರಿಂದ ಪೆನ್ಸಿಲ್ ತೆಗೆದುಕೊಳ್ಳಿ. ಐದು ತಿಂಗಳಲ್ಲಿ ಆಕೆ ಮುಗಿಸಿದ ಕೆಲಸಗಳನ್ನು, ಕಳಿಸಿದ ಇಮೇಲ್‌ಗಳನ್ನು ತೆರೆದಿಟ್ಟುಕೊಂಡು, ದಿನಾಂಕ ಹಾಕಿ ಬರೆಯುತ್ತಾ ಹೋಗಿ. ಹೇಳಿದ ದಿನಕ್ಕೆ ಕೊಟ್ಟರೇ, ತಿದ್ದಿದ್ದನ್ನು ಮರುಸಲ ಸರಿಮಾಡಿಕೊಂಡರೇ, ಗೊತ್ತಿಲ್ಲದ್ದನ್ನು ಕೇಳಿದರೇ. ಜಂಭ, ಒರಟು, ಒಳ್ಳೆಯವಳು ಎಂಬ ಮಾತು ಬಂದ ಕಡೆಯೆಲ್ಲ ಹೊಡೆದುಹಾಕಿ ಅದರ ಜಾಗದಲ್ಲಿ ನಡೆದದ್ದನ್ನು ಬರೆಯಿರಿ. ಬರೆಯಲು ಏನೂ ಸಿಗದಿದ್ದರೆ ಆ ಮಾತು ಹೋಗಲಿ. ಕೆಲಸದಲ್ಲಿ ನಿಜವಾದ ಕೊರತೆ ಕಂಡರೆ ಅದನ್ನೂ ಬರೆಯಿರಿ, ಋಣಕ್ಕೆ ಬಿದ್ದು ಮುಚ್ಚಬೇಡಿ. ಇಷ್ಟೆಲ್ಲ ಆದ ಮೇಲೂ ಆಕೆ ನಿಮಗೆ ಇಷ್ಟವಾಗದಿರಬಹುದು. ಆಗಬೇಕೆಂದೇನೂ ಇಲ್ಲ. ಕೆಲಸ ಕಾಯಂ ಆಗಲು ನಗುಮುಖ ಅರ್ಹತೆಯಲ್ಲ.

ತಂಡದ ಅಭಿಪ್ರಾಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ನಿಮ್ಮದೇ ಮಾತು, ಆರು ಬಾಯಿ ಸುತ್ತಿ ನಿಮ್ಮ ಬಳಿಗೇ ಮರಳಿದೆ. ಇಂಥ ಮಾತಿಗೆ ಇನ್ನೊಂದು ಕೆಟ್ಟ ಗುಣವಿದೆ. ಮೊದಲ ನೋಟಕ್ಕೆ ಹಿಡಿಸಿದವರ ಬಳಿ ನಾವು ಮತ್ತೆ ಮತ್ತೆ ಹೋಗುತ್ತೇವೆ, ಅವರು ಅಷ್ಟೇನೂ ಒಳ್ಳೆಯವರಲ್ಲದಿದ್ದರೆ ಅದು ಬೇಗ ತಿಳಿದುಬಿಡುತ್ತದೆ. ಹಿಡಿಸದವರಿಂದ ದೂರ ಉಳಿಯುತ್ತೇವೆ, ತಪ್ಪಾಗಿ ತಿಳಿದಿದ್ದರೂ ತಿದ್ದಿಕೊಳ್ಳಲು ಸಂದರ್ಭವೇ ಬರುವುದಿಲ್ಲ. ಆಕೆಯೊಂದಿಗೆ ಬೇರೆ ವಿಭಾಗದಲ್ಲಿ ಕೆಲಸ ಮಾಡಿದವರು, ನಿಮ್ಮ ಮಾತು ಕಿವಿಗೆ ಬೀಳದವರು ಯಾರಾದರೂ ಇದ್ದರೆ ಅವರನ್ನು ಕೇಳಿ.

ಕ್ಷಮೆಯ ವಿಷಯ. ಕೇಳಬೇಡಿ, ಈಗಂತೂ ಬೇಡ. ತನ್ನ ಕೆಲಸದ ಹಣೆಬರಹ ಬರೆಯುವ ಅಧಿಕಾರಿ ಬಂದು ಕ್ಷಮಿಸು ಎಂದರೆ ಆಕೆ ಇಲ್ಲ ಎನ್ನಲಾದೀತೇ? ನಿಮ್ಮ ಎದೆ ಹಗುರವಾಗುತ್ತದೆ, ಭಾರ ಆಕೆಯ ಹೆಗಲೇರುತ್ತದೆ. ಧನ್ಯವಾದವನ್ನು ಮಾತ್ರ ನಾಳೆಯೇ ಹೇಳಿ, ವಿವರಣೆಯಿಲ್ಲದೆ, ಒಂದೇ ಸಾಲಿನಲ್ಲಿ. ತಪ್ಪೊಪ್ಪಿಗೆ ಸಲ್ಲಬೇಕಾದದ್ದು ಆ ಇಬ್ಬರು ಸಹೋದ್ಯೋಗಿಗಳಿಗೆ. ‘ಆಕೆಯ ಬಗ್ಗೆ ನಾನು ದುಡುಕಿ ಮಾತಾಡಿದೆ, ಆ ದಿನ ತಪ್ಪು ನನ್ನದಾಗಿತ್ತು’ ಎಂದು ಅವರಿಗೆ ಹೇಳುವುದು ಆಕೆಯ ಕ್ಷಮೆ ಕೇಳುವುದಕ್ಕಿಂತ ಕಷ್ಟ. ಅದಕ್ಕೇ ಹೇಳುತ್ತಿದ್ದೇನೆ.

ಮೂರನೆಯ ಸಲ ಓದಿದಾಗ ನನ್ನನ್ನು ಕಾಡಿದ್ದು ಬೇರೆಯೇ. ಮೊದಲ ದಿನ ಎಲ್ಲರೆದುರು ಮಾತಾಡಿದವರು, ಐದು ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಗುಟ್ಟಾಗಿ ಬರೆಯುವವರಾದರು. ಅದು ಸೌಜನ್ಯವೂ ಇರಬಹುದು. ಮೊದಲ ದಿನ ನಿಮ್ಮ ಮುಖದಲ್ಲಿ ಓದಿಕೊಂಡ ಪಾಠವೂ ಇರಬಹುದು. ಪಾಠವೇ ಆಗಿದ್ದರೆ, ಈ ನಡುವೆ ಕಣ್ಣಿಗೆ ಬಿದ್ದೂ ಆಕೆ ಹೇಳದೆ ಬಿಟ್ಟದ್ದು ಎಷ್ಟಿದೆಯೋ. ಮುಂದಿನ ಮೀಟಿಂಗ್‌ನಲ್ಲಿ ಲೆಕ್ಕ ವಿವರಿಸಿ ಮುಗಿಸಿದ ಮೇಲೆ, ಎಲ್ಲರೆದುರೇ ಆಕೆಯ ಕಡೆ ತಿರುಗಿ, ‘ಇದರಲ್ಲಿ ಏನಾದರೂ ತಾಳೆಯಾಗದ್ದು ಕಾಣುತ್ತಿದೆಯೇ?’ ಎಂದು ಕೇಳಿ. ಉತ್ತರ ತಡವಾದರೂ ಮುಂದಿನ ವಿಷಯಕ್ಕೆ ಹೋಗಬೇಡಿ, ಕಾಯಿರಿ.